ಯಾರದೂ ಅಲ್ಲದ ಗೋಧಿ

ಬಹಳ ಹಿಂದೆ, ಸೂರ್ಯ ಸಮುದ್ರಕ್ಕಿಳಿಯುವ ಇಬೇರಿಯ ದೇಶದ ಒಂದು ಬೆಟ್ಟದ ಮೇಲೆ ವಕ್ಕೇಯರೆಂಬ ಜನರ ಕೋಟೆಯಿತ್ತು. ಅಲ್ಲಿ ಎಲ್ಲರೂ ಸೇರಿ ಉಳುತ್ತಿದ್ದರು, ಬೆಳೆದದ್ದನ್ನೆಲ್ಲ ಊರ ಕಣಜಕ್ಕೆ ಸುರಿದು ಹಂಚಿ ಉಣ್ಣುತ್ತಿದ್ದರು. ಒಂದು ಹಿಡಿ ಕಾಳು ಬಚ್ಚಿಟ್ಟವರಿಗೂ ಮರಣದಂಡನೆ. ಕಲ್ಲೆದೆಯ ಕಟ್ಟಳೆಯೇ ಸರಿ, ಆದರೆ ಅಲ್ಲಿ ಹಾಗೆಯೇ ನಡೆದುಬಂದಿತ್ತು.

ರೋಮಿನ ಸೇನಾಪತಿ ಆ ಕೋಟೆಗೆ ಮುತ್ತಿಗೆ ಹಾಕಿದ. ಗೋಡೆ ಬೀಳಲಿಲ್ಲ. ಆಗ ಅವನ ಮಂತ್ರವಾದಿ ಕಂಚಿನ ತೋಳವೊಂದನ್ನು ಎರಕ ಹೊಯ್ದು ಅದಕ್ಕೆ ಜೀವ ತುಂಬಿದ. ಬಾಗಿಲು, ಗೋಡೆ ಯಾವುದೂ ಅದನ್ನು ತಡೆಯುತ್ತಿರಲಿಲ್ಲ. ಕಾಳಿನ ಮುಂದೆ ನಿಂತು "ಇದು ಯಾರದು?" ಎಂದು ಕೇಳುವುದು. ಕಾಳಿಗೆ ಒಬ್ಬನೇ ಒಡೆಯನಿದ್ದರೆ ಅವನನ್ನೂ ಅವನ ಊರನ್ನೂ ನುಂಗುವುದು. ಸುಳ್ಳು ಹೇಳಿದರೆ ಅದಕ್ಕೆ ವಾಸನೆ ಹತ್ತುತ್ತಿತ್ತು. ಇದನ್ನೆಲ್ಲ ಸೇನಾಪತಿ ಕೋಟೆಯವರಿಗೆ ಕೇಳುವಂತೆ ಸಾರಿಸಿದ.

ಮೊದಲ ದಿನ ತೋಳ ಊರ ಕಣಜಕ್ಕೆ ಬಂತು.

"ಇದು ಯಾರದು?"

"ಊರಿನದು," ಎಂದರು ಕಾವಲಿನವರು. ಮಾತು ನಿಜವಾದ್ದರಿಂದ ತೋಳ ಹಲ್ಲು ಕಡಿಯುತ್ತ ಹೊರಟುಹೋಯಿತು.

ಎರಡನೆಯ ದಿನ ಊರ ಹಿರಿಯ ಲುಬ್ಬನ ಅಡುಗೆಮನೆಗೆ ನುಗ್ಗಿತು.

"ಇದು ಯಾರದು?"

"ಊರಿನದು," ಎಂದ ಮುದುಕ. ಮನೆಮನೆಗೆ ಹಂಚಿದ ಕಾಳೂ ಊರಿನದೇ ಎಂಬುದು ಅಲ್ಲಿನ ಕಟ್ಟಳೆ. ಅದರ ಬಿಸಿ ಉಸಿರಿಗೆ ಗಡ್ಡ ಸುಟ್ಟಿತು, ಜೀವ ಉಳಿದದ್ದೇ ಪುಣ್ಯ.

ಇದನ್ನು ಕೇಳಿದ ಅಂಬಾತಾ ಎಂಬ ಹೆಂಗಸು ತನ್ನ ಮನೆಯ ಒಲೆಯತ್ತ ಓಡಿದಳು. ಜ್ವರದಿಂದ ಮಲಗಿದ ಮಗಳಿಗೆ ಗಂಜಿ ಕಾಯಿಸಲೆಂದು ಅವಳು ಒಂದು ಕುಡಿಕೆ ಗೋಧಿಯನ್ನು ಒಲೆಯ ಹಿಂದೆ ಹೂತಿಟ್ಟಿದ್ದಳು. ಇಡೀ ಊರಿನಲ್ಲಿ ಆ ಒಂದು ಕುಡಿಕೆಗೆ ಮಾತ್ರ ಒಡತಿಯಿದ್ದಳು. ಬಾಯಿ ಬಿಟ್ಟರೆ ಊರು ಕೊಲ್ಲುತ್ತದೆ, ಬಿಡದಿದ್ದರೆ ತೋಳ ಎಲ್ಲರನ್ನೂ ನುಂಗುತ್ತದೆ. ತಾನು ಸತ್ತರೆ ಮಗಳಿಗೆ ಯಾರು ದಿಕ್ಕು?

ಮೂರನೆಯ ದಿನ ಬೆಳಗ್ಗೆ ಅವಳ ಬೀದಿಯ ಕಲ್ಲುಗಳ ಮೇಲೆ ಕಂಚಿನ ಉಗುರು ಕರಕರ ಎಂದಿತು. ಅಂಬಾತಾ ಕುಡಿಕೆ ಎತ್ತಿಕೊಂಡು ಹಿತ್ತಿಲಿನಿಂದ, ಲುಬ್ಬನೂ ಊರಿನವರೂ ಸೇರಿದ್ದ ಕಣಜದತ್ತ ಓಡಿದಳು. ತೋಳ ಬೆನ್ನಟ್ಟಿತು.

"ಲುಬ್ಬಜ್ಜಾ, ನಾನು ಕಾಳು ಬಚ್ಚಿಟ್ಟಿದ್ದೆ! ನನ್ನನ್ನು ಕೊಂದುಬಿಡಿ, ಆದರೆ ನನ್ನ ಕೂಸಿಗೆ ಗಂಜಿ ಕೊಡಿ!" ಎಂದು ಎಲ್ಲರೆದುರು ಕಿರುಚಿ ಗೋಧಿಯನ್ನು ಕಣಜಕ್ಕೆ ಸುರಿದಳು.

ತೋಳದ ಬಾಯಿ ಅವಳ ಕುತ್ತಿಗೆಗೆ ತಾಗುತ್ತಿತ್ತು. "ಇದು ಯಾರದು?"

"ಊರಿನದು," ಎಂದಳು. ಈಗ ಅದು ನಿಜವೇ ಆಗಿತ್ತು.

ಹಸಿದ ತೋಳ ಹಿಂದಿರುಗಿ ರೋಮನ್ನರ ಪಾಳೆಯದ ಗೋಧಿಮೂಟೆಗಳ ಮುಂದೆ ನಿಂತು ಅದನ್ನೇ ಕೇಳಿತು. ತನ್ನ ತೋಳ ತನ್ನನ್ನೇ ಪ್ರಶ್ನಿಸುವುದೇ ಎಂದು ಸೇನಾಪತಿಗೆ ಸಿಟ್ಟು ನೆತ್ತಿಗೇರಿತು. "ನನ್ನದು! ಇನ್ಯಾರದು?" ಎಂದು ಗದರಿದ. ತೋಳ ಅವನನ್ನು ನುಂಗಿತು, ಮಂತ್ರವಾದಿಯನ್ನು ನುಂಗಿತು, ಹೊಟ್ಟೆ ಬಿರಿದು ಚೂರಾಯಿತು. ಸೈನಿಕರು ಡೇರೆ, ಕತ್ತಿ ಬಿಟ್ಟು ಓಡಿದರು.

ಮುತ್ತಿಗೆ ಮುರಿದರೂ ಅಂಬಾತಾ ತಲೆ ಬಗ್ಗಿಸಿ ಕತ್ತಿಯೇಟಿಗೆ ಕಾಯುತ್ತಿದ್ದಳು. ಲುಬ್ಬ ಅವಳ ಪಕ್ಕ ಕುಸಿದು ಅತ್ತ.

"ಕೂಸಿಗೆ ಗಂಜಿ ಬೇಕೆಂದು ನಮ್ಮನ್ನು ಕೇಳಲು ನಿನಗೆ ಹೆದರಿಕೆಯಾಯಿತಲ್ಲ ಮಗಳೇ, ಆ ತಪ್ಪು ನಮ್ಮದು. ಏಳು, ಮನೆಗೆ ಹೋಗೋಣ."

ಅಂದಿನಿಂದ ಕಣಜದ ಮೊದಲ ಪಾಲು ಕಾಯಿಲೆಯವರ ಮನೆಗೆ ಹೋಗತೊಡಗಿತು. ಅಂಬಾತಾಳ ಮಗಳು ಚೇತರಿಸಿಕೊಂಡು ಓಡಾಡಿದಳು. ಅವಳ ಮೊಮ್ಮಕ್ಕಳ ಕಾಲಕ್ಕೂ ಆ ಬೆಟ್ಟದ ಮೇಲೆ ಯಾರೂ ಹಸಿದು ಮಲಗಲಿಲ್ಲ.