ಕನ್ನಡ್ಯಾಗ ಕಂಡ ಬೆನ್ನು

ಶಹಾಬಾದದಾಗ ನಾ ಟಿ.ವಿ. ರಿಪೇರಿ ಮಾಡಾಂವ. ಎಂಬತ್ತಮೂರರ ಮಾತಿದು. ಇವತ್ತಿಗೂ ನೆನಸಿದ್ರ ಸಿಟ್ಟು ನೆತ್ತಿಗೇರ್ತದ.

ಭಂಕೂರದ ಕಲ್ಯಾಣಪ್ಪನ ಮನ್ಯಾಗ ವಾಲ್ವಿನ ಹಳೇ ವಿಲಾಯತಿ ಕಲರ್ ಸೆಟ್ ಇತ್ತು. ಚಿತ್ರದ ನಡುವ ಕರಿ ಮಬ್ಬು ಬರ್ತದ ಅಂತ ಮೂರು ಸಲ ತಂದ. ನನ್ನ ಅಂಗಡ್ಯಾಗ ಚಿತ್ರ ಚೊಕ್ಕ, ಅವನ ಮನಿಗಿ ಹೋದ್ರ ಮತ್ತ ಮಬ್ಬು. "ನಿನಗ ಕೆಲಸಾನೇ ಬರಂಗಿಲ್ಲ" ಅಂತ ಬಜಾರದಾಗ ನಿಂತು ಬೈದ.

ಮರುದಿನ ಸಂಜಿಗಿ ನಾನೇ ಅವನ ಮನಿಗಿ ಹೋದೆ. ಸೆಟ್‌ನ ಹಿಂದ ಕುಂತು ತಿರುಪು ತಿರುವುಮುಂದ ಚಿತ್ರ ಕಾಣಲಿ ಅಂತ ನಾವು ಎದುರಿಗಿ ಕನ್ನಡಿ ಇಡ್ತೀವಿ. ಹಂಗೇ ಇಟ್ಟು ಹಿಂದಿನಿಂದ ನೋಡ್ದೆ. ಒಬ್ಬಾಕಿ ಮುದುಕಿ ಪರದೆಗಿ ಮೂಗು ಹಚ್ಚಿ ಕುಂತಿದ್ಳು. ಕನ್ನಡ್ಯಾಗ ಆಕಿ ಬಿಳಿ ತುರುಬು, ಹಸಿರು ಕುಪ್ಪಸದ ಬೆನ್ನು ಕಂಡ್ವು.

"ಯವ್ವಾ, ಆಕಡಿ ಸರಿ!" ಅಂತ ಒದರಿದೆ. ಸರೀಲಿಲ್ಲ. ಸಿಟ್ಟಿನಿಂದ ಎದ್ದು ಮುಂದ ಬಂದೆ. ಯಾರೂ ಇದ್ದಿಲ್ಲ. ಪರದೆ ಮ್ಯಾಲ ಮಬ್ಬು ಹಂಗೇ ಇತ್ತು. ಆಕಿ ಕುಂತಿದ್ದ ಜಾಗದ ಚಾಪಿ ಮುಟ್ಟಿದ್ರ ಬಾವಿ ನೀರಿನಂಗ ತಣ್ಣಗಿತ್ತು.

"ಯಾರಿಗಿ ಒದರಾಕತ್ತಿ?" ಅಂತ ಕಲ್ಯಾಣಪ್ಪ ನನಗೇ ಜೋರು ಮಾಡ್ದ.

ಅವನ ಹೆಂಡ್ತಿ ಸೂಗಮ್ಮ ಅಡಗಿಮನಿ ಬಾಗಲದಾಗ ನಿಂತು ಮೆಲ್ಲಕ ಕೇಳಿದ್ಳು: "ನೀವಂದ್ರ ಸರದ್ಳೇನ್ರೀ? ನಾವಂದ್ರ ಸರಿಯಂಗಿಲ್ಲ."