ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ

"ನಿಂದೇ ತಪ್ಪು ಕಣ್ಲಾ."

"ನಿಂದೇ ಕಣೆ. ನನ್ ಸೈಡ್ ಕರೆಕ್ಟಾಗದೆ. ಮೇಲಕ್ ಓಯ್ತದೆ, ನೋಡು."

ನಾಗಶ್ರೀ ನೋಡಿದಳು. ಜಗಲಿಯ ಮೇಲೆ ಥರ್ಮಾಕೋಲಿನ ವಿಮಾನ ಹೊಟ್ಟೆ ಊರಿಕೊಂಡು ಕೂತಿತ್ತು. ಅದರ ಬಾಲದಲ್ಲಿ ಎರಡು ಪಟ್ಟಿಗಳು, ಎಡಕ್ಕೊಂದು, ಬಲಕ್ಕೊಂದು. ಆ ಪಟ್ಟಿಗಳ ನಿಜವಾದ ಹೆಸರು ಎಲಿವೇಟರ್. ಈ ಮನೆಯಲ್ಲಿ ಮಾತ್ರ ಎಲ್ಲರೂ ಅವಕ್ಕೆ ಕಿವಿ ಅನ್ನುತ್ತಿದ್ದರು. ಬಾಲದಲ್ಲಿ ಎಲ್ಲಾದರೂ ಕಿವಿ ಇರುತ್ತದೆಯೇ ಎಂದು ನನ್ನನ್ನು ಕೇಳಬೇಡಿ, ಅವರನ್ನೇ ಕೇಳಿ. ರಿಮೋಟಿನ ಕಡ್ಡಿ ಎಳೆದರೆ ಎರಡು ಕಿವಿಗಳೂ ಒಟ್ಟಿಗೆ ಏಳಬೇಕು. ಆಗ ವಿಮಾನ ಮೇಲೇರುತ್ತದೆ.

ನಾಗಶ್ರೀ ಕಡ್ಡಿ ಎಳೆದಳು. ಗುರುಪ್ರಕಾಶನ ಕಡೆಯ ಕಿವಿ ಎದ್ದಿತು. ಅವಳ ಕಡೆಯದು ಜೋತುಬಿತ್ತು.

ಕಡ್ಡಿಯನ್ನು ಮುಂದಕ್ಕೆ ತಳ್ಳಿದಳು. ಅವಳ ಕಿವಿ ಎದ್ದಿತು, ಅವನದು ಬಿತ್ತು.

"ನೋಡು, ನಂದೂ ಏಳ್ತದೆ."

"ಈಗ ಏಳ್ಬಾರ್ದು ಕಣೆ."

ಗುರುಪ್ರಕಾಶ ಪಕ್ಕದ ಮನೆಯವನು, ಅವಳ ಹಾಗೇ ಐದನೇ ಕ್ಲಾಸು. ನಾಗಶ್ರೀಯ ಚಿಕ್ಕಪ್ಪ ಶಾಂತಮೂರ್ತಿ ಕುಂತೂರಿನ ಸಕ್ಕರೆ ಫ್ಯಾಕ್ಟರಿಯ ಕೆಲಸ ಮುಗಿಸಿ ಬಂದು ಬಂದು, ನಾಲ್ಕು ತಿಂಗಳಿಂದ ಈ ವಿಮಾನ ಕಟ್ಟಿದ್ದ. ಕಿವಿ ಅಲ್ಲಾಡಿಸಲು ಸರ್ವೊ ಬೇಕು. ಸರ್ವೊ ಅಂದರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಮೋಟರು. ಅದರ ಪುಟ್ಟ ಕೈ ತಿರುಗಿದರೆ ಒಂದು ತಂತಿ ಕಿವಿಯನ್ನು ಎತ್ತುತ್ತದೆ, ಇಳಿಸುತ್ತದೆ. ಈ ವಿಮಾನದ ಬಾಲ ದೊಡ್ಡದು, ಹಾಗಾಗಿ ಕಿವಿಗೊಂದು ಸರ್ವೊ. ಎಡಗಡೆಯದನ್ನು ನಾಗಶ್ರೀ ಕೂರಿಸಿದ್ದಳು, ಬಲಗಡೆಯದನ್ನು ಗುರುಪ್ರಕಾಶ. ಎರಡೂ ಎದುರುಬದುರು. ರಿಮೋಟಿನ ಅಪ್ಪಣೆ ಎರಡಕ್ಕೂ ಒಂದೇ ಕವಲು ವೈರಿನಲ್ಲಿ ಹೋಗುತ್ತಿತ್ತು.

"ಇಂತ ಕಿವಿ ಇಟ್ಕಂಡು ಆರ್ಸುದ್ರೆ ಪಲ್ಟಿ ಒಡ್ಕಂಡು ಬೀಳ್ತದೆ," ಎಂದಿದ್ದ ಚಿಕ್ಕಪ್ಪ. "ಸಂಜೆ ಒಳ್ಗೆ ಸರಿ ಆಗ್ಲಿಲ್ಲ ಅಂದ್ರೆ ಇನ್ನ ಮುಂದಿನ್ ಕುಯ್ಲಿಗೇಯ."

ಊರ ಸುತ್ತ ಎಲ್ಲಿ ನೋಡಿದರೂ ಕಬ್ಬು. ವಿಮಾನ ಇಳಿಯುವಷ್ಟು ಬಯಲು ಅಂತ ಇದ್ದದ್ದು ಕುಯ್ಲಾದ ಒಂದು ಭತ್ತದ ಗದ್ದೆ. ನಾಳೆ ಬೆಳಿಗ್ಗೆ ಅದಕ್ಕೂ ನೀರು ಬಿಡುವವರಿದ್ದರು. ಚಿಕ್ಕಪ್ಪ ವಿಡಿಯೋ ನೋಡಿ ಕಲಿಯುತ್ತೇನೆಂದು, ನೆಟ್‌ವರ್ಕ್ ಹುಡುಕಿಕೊಂಡು ತಾರಸಿ ಹತ್ತಿದವನು ಇನ್ನೂ ಇಳಿದಿರಲಿಲ್ಲ.

"ರಿಮೋಟಲ್ಲಿ ರಿವರ್ಸ್ ಅಂತ ಅದಲ್ಲ, ಅದ್ನ ಒತ್ತು," ಎಂದ ಗುರುಪ್ರಕಾಶ.

ನಾಗಶ್ರೀ ಒತ್ತಿ, ಕಡ್ಡಿ ಎಳೆದಳು. ಈಗ ಅವಳ ಕಿವಿ ಎದ್ದಿತು, ಅವನ ಕಿವಿ ಬಿತ್ತು.

"ನೋಡ್ದಾ? ನಂದು ಸರಿ ಆಯ್ತು. ತಪ್ಪು ನಿಂದೇ."

"ಅದೆಂಗೆ? ಇಷ್ಟೊತ್ತು ನಂದು ಸರಿ ಇತ್ತು."

ಮಾತಿಗೆ ಮಾತು ಬೆಳೆಯಿತು. ಅವನು ಅವಳ ಸ್ಕ್ರೂ ಸೊಟ್ಟ ಅಂದ. ಅವಳು ಅವನ ಮೂಗೇ ಸೊಟ್ಟ ಅಂದಳು. ವಿಮಾನಕ್ಕೂ ಮೂಗಿಗೂ ಏನು ಸಂಬಂಧವೋ ಶಿವನೇ ಬಲ್ಲ. ಕೊನೆಗೆ ಇಬ್ಬರೂ ಟೂ ಬಿಟ್ಟರು. ಗುರುಪ್ರಕಾಶ ಜಗಲಿಯ ಆ ತುದಿಗೆ ಹೋಗಿ ಗೋಡೆ ನೋಡುತ್ತಾ ಕೂತ. ನಾಗಶ್ರೀಗೆ ಅಳು ಬಂತು. ವಿಮಾನವೂ ಹಾರುವುದಿಲ್ಲ, ಗೆಳೆಯನೂ ಮಾತಾಡುವುದಿಲ್ಲ.

"ಲೇ ಅಮ್ಮಿ, ಬಾ ಇಲ್ಲಿ. ಈ ಜಮಕಾನ ಇಂಡ್ಬೇಕು," ಅಂಗಳದ ತೊಟ್ಟಿಯ ಹತ್ತಿರದಿಂದ ಅಜ್ಜಿ ಗುರುಬಸಮ್ಮ ಕೂಗಿದಳು.

ಅಳುವಿರಲಿ, ಸಿಟ್ಟಿರಲಿ, ಗುರುಬಸಮ್ಮ ಕರೆದರೆ ಹೋಗಲೇಬೇಕು. ನೆಂದ ಜಮಖಾನದ ಒಂದು ತುದಿಯನ್ನು ಅಜ್ಜಿ ಹಿಡಿದಳು. ಎದುರಿಗೆ ನಿಂತು ಇನ್ನೊಂದು ತುದಿಯನ್ನು ನಾಗಶ್ರೀ ಹಿಡಿದಳು. ಮನಸ್ಸೆಲ್ಲ ಆ ಹಾಳು ಕಿವಿಯ ಮೇಲೆ. ಸುಮ್ಮನೆ ಯಾವುದೋ ಕಡೆಗೆ ತಿರುಗಿಸಿದಳು. ಜಮಖಾನ ಇಬ್ಬರ ನಡುವೆ ಲಟ್ಟಣಿಗೆಯ ಹಾಗೆ ಉರುಳಿತು. ಒಂದು ತೊಟ್ಟು ನೀರೂ ಬೀಳಲಿಲ್ಲ.

"ಇದೇನವ್ವ, ಜಮಕಾನಕ್ಕೆ ಮಗ್ಗುಲು ಬದ್ಲಾಯಿಸ್ತಿದ್ದೀಯಾ?" ಎಂದಳು ಅಜ್ಜಿ. "ನಾನು ಬಲಕ್ಕೆ ತಿರುಗುಸ್ತಾ ಇವ್ನಿ. ನೀನೂ ನಿನ್ ಬಲಕ್ಕೆ ತಿರುಗ್ಸು."

ನಾಗಶ್ರೀ ಬಲಕ್ಕೆ ತಿರುಗಿಸಿದಳು. ಜಮಖಾನ ಹುರಿಗೊಂಡಿತು. ನೀರು ದಬದಬ ಸುರಿದು, ಕೆಳಗೆ ನಿದ್ದೆ ಮಾಡುತ್ತಿದ್ದ ನಾಯಿ ಕುಂಯ್ ಎಂದು ಓಡಿತು.

ಅವಳ ಕೈ ಅಲ್ಲೇ ನಿಂತಿತು. "ಅಜ್ಜಿ, ನೀನೂ ಬಲಕ್ಕೆ, ನಾನೂ ಬಲಕ್ಕೆ. ಆದ್ರೂ ಜಮಕಾನ ಆ ಕಡೆ ಒಂತರ, ಈ ಕಡೆ ಒಂತರ ತಿರುಗ್ತಲ್ಲ?"

"ಎದ್ರುಬದ್ರು ನಿಂತ್ಕಂಡ್ರೆ ಅಂಗೇ ಕಣವ್ವ. ಎರ್ಡು ತುದೀನೂ ಒಂದೇ ಕಡೀಕ್ ತಿರುಗ್ಬೇಕು ಅಂದ್ರೆ ಒಬ್ರು ಎಡಕ್ಕೆ ತಿರುಗುಸ್ಬೇಕಾಯ್ತದೆ. ಆಗ ನೀರು ಯಾರು, ನಿಮ್ ತಾತ ಇಂಡ್ತಾನಾ?"

ನಾಗಶ್ರೀ ತುದಿಯನ್ನು ಹಾಗೇ ಬಿಟ್ಟು ಓಡಿದಳು. ಜಮಖಾನ ಗಿರ್ರನೆ ಬಿಚ್ಚಿಕೊಂಡು ಅಜ್ಜಿಯ ಸೀರೆಯನ್ನೆಲ್ಲ ತೋಯಿಸಿ ಮಣ್ಣಿಗೆ ಬಿತ್ತು. ಗುರುಬಸಮ್ಮ ಬೈದದ್ದೆಲ್ಲ ಈ ಕತೆಗೆ ಬೇಡ.

"ನಿಂದೂ ತಪ್ಪಿಲ್ಲ, ನಂದೂ ತಪ್ಪಿಲ್ಲ ಕಣ್ಲಾ," ಎಂದಳು ನಾಗಶ್ರೀ ಏದುಸಿರು ಬಿಡುತ್ತಾ.

"ಟೂ ಬಿಟ್ಟಿದ್ದೀವಿ," ಎಂದ ಗುರುಪ್ರಕಾಶ, ಗೋಡೆಗೆ.

"ಅದ್ನ ಆಮೇಲೆ ಮುಂದುವರ್ಸಾನ. ಈಗ ಆ ಕವಲು ವೈರ್ ಕಿತ್ತಾಕು."

ಸರ್ವೊಗಳು ಒಂದೇ ಅಪ್ಪಣೆ ಕೇಳಿ, ಎದುರುಬದುರು ನಿಂತು, ಜಮಖಾನ ಹಿಂಡುವವರ ಹಾಗೆ ತಂತಮ್ಮ ಬಲಕ್ಕೆ ತಿರುಗುತ್ತಿದ್ದವು. ಕವಲು ವೈರು ಇರುವ ತನಕ, ರಿವರ್ಸ್ ಒತ್ತಿದರೆ ಎರಡೂ ಒಟ್ಟಿಗೇ ಎಡಕ್ಕೆ ಹೊರಳುತ್ತಿದ್ದವು. ನಾಗಶ್ರೀ ಹೇಳಿದ್ದು ಕೇಳಿ ಚಿಕ್ಕಪ್ಪ ತಾರಸಿಯಿಂದ ಇಳಿದು ಬಂದ. ಒಂದೊಂದು ಸರ್ವೊಗೂ ಬೇರೆ ಬೇರೆ ವೈರು ಹಾಕಿದ. ರಿವರ್ಸ್ ಒತ್ತಿದ್ದನ್ನೂ ಮೊದಲಿನಂತೆ ಮಾಡಿದ.

"ಈಗ ಒಂದ್ನ ಮಾತ್ರ ರಿವರ್ಸ್ ಮಾಡ್ಬೋದು. ಯಾವುದ್ನ ಮಾಡಾನ?"

ಇಬ್ಬರೂ ತಂತಮ್ಮ ಕಡೆಯ ಸರ್ವೊ ನೋಡಿಕೊಂಡರು. ರಿವರ್ಸ್ ಮಾಡಿಸಿಕೊಂಡವರದ್ದೇ ತಪ್ಪು ಅಂತ ಆಗಿಬಿಟ್ಟರೆ? ನಾಗಶ್ರೀಗೆ ಅಜ್ಜಿಯ ಕೈಗಳು ನೆನಪಾದವು.

"ನಂದೇ ಮಾಡು, ಚಿಕ್ಕಪ್ಪ."

ಗುರುಪ್ರಕಾಶ ತಲೆ ಕೆರೆದುಕೊಂಡ. "ನಂದಾದ್ರೂ ಪರ್ವಾಗಿಲ್ಲ," ಎಂದ ಮೆಲ್ಲಗೆ.

ಚಿಕ್ಕಪ್ಪ ನಾಗಶ್ರೀಯದನ್ನೇ ರಿವರ್ಸ್ ಮಾಡಿದ. ಕಡ್ಡಿ ಎಳೆದರೆ ಎರಡು ಕಿವಿಗಳೂ ಒಟ್ಟಿಗೆ ಎದ್ದವು.

ಸಂಜೆ ವಿಮಾನ ಕಬ್ಬಿನ ಸೂಲಂಗಿ ಹೂಗಳ ಮೇಲೆ ಮೂರು ಸುತ್ತು ಹಾರಿತು. ಕಬ್ಬು ಹೇರಿಕೊಂಡು ಹೋಗುತ್ತಿದ್ದ ಟ್ರ್ಯಾಕ್ಟರಿನವರು ನಿಲ್ಲಿಸಿ ನೋಡಿದರು. ಇಳಿಯುವಾಗ ಮಾತ್ರ ವಿಮಾನ ನೆಟ್ಟಗೆ ಹೋಗಿ ಹುಲ್ಲಿನ ಮೆದೆಗೆ ಮೂಗು ತೂರಿಸಿತು. ಮೂಗು ಸೊಟ್ಟಗಾಯಿತು. ಇಬ್ಬರೂ ಬಿದ್ದು ಬಿದ್ದು ನಕ್ಕರು.

ಮನೆಗೆ ಬಂದರೆ ಮಣ್ಣಾದ ಜಮಖಾನ ಕಾಯುತ್ತಿತ್ತು. ಅಜ್ಜಿ ನಾಗಶ್ರೀಯ ಕೈಗೆ ಸೋಪು ಕೊಟ್ಟು ಒಳಗೆ ಹೋದಳು. ಒಗೆದದ್ದಾದ ಮೇಲೆ ಗುರುಪ್ರಕಾಶ ತಾನಾಗಿ ಬಂದು ಎದುರಿಗೆ ನಿಂತು ಇನ್ನೊಂದು ತುದಿ ಹಿಡಿದ.

"ಯಾವ್ ಕಡೀಕ್ ತಿರುಗುಸ್ಲಿ?"

"ನಿನ್ ಬಲಕ್ಕೆ. ನಾನು ನನ್ ಬಲಕ್ಕೆ."

ನೀರು ಇಬ್ಬರ ಕಾಲ ಮೇಲೂ ಸುರಿಯಿತು. ನಾಗಶ್ರೀ ಅವನ ಕೈಗಳನ್ನೇ ನೋಡಿದಳು. ಅವಳು ನಿಂತ ಕಡೆಯಿಂದ ಅವು ಉಲ್ಟಾ ತಿರುಗುತ್ತಿರುವ ಹಾಗೇ ಕಾಣುತ್ತಿದ್ದವು. ಅವಳೂ ತನ್ನ ಬಲಕ್ಕೆ ಇನ್ನೊಂದು ಸುತ್ತು ತಿರುಗಿಸಿದಳು.