ಪೆಟ್ಟಿಗೆ ನಿಮ್ಮದು, ಒಳಗಿನದು ನನ್ನದು

ಹಳೆ ಸಾಮಾನಿನ ಅಂಗಡಿಯಲ್ಲಿ ಆ ವಾಲ್ವ್ ರೇಡಿಯೋವನ್ನು ಬಲಗಡೆಯಿಂದ ನಾನು ಹಿಡಿದಿದ್ದೆ, ಎಡಗಡೆಯಿಂದ ಅವನು. ಇಬ್ಬರೂ ಬಿಡಲೊಲ್ಲೆವು.

"ಮೊದಲು ನೋಡಿದ್ದು ನಾನು," ಅಂದೆ.

"ನೋಡಿರಬಹುದು. ಧೂಳು ಒರೆಸಿದ್ದು ಮಾತ್ರ ನಾನು." ತೋಳು ಚಾಚಿ ತೋರಿಸಿದ. ಅಂಗಿಯ ತೋಳೆಲ್ಲ ಮಣ್ಣು. ಕಣ್ಣಲ್ಲಿ ನಗು ಬೇರೆ. ನನಗೆ ಮೈಯೆಲ್ಲ ಉರಿಯಿತು.

ಅಂಗಡಿಯ ಅಜ್ಜ ತಲೆ ಚಚ್ಚಿಕೊಂಡರು. "ಏನ್ ಮಾಡ್ತೀರಮ್ಮ ಇದನ್ನ?"

"ಗಿಟಾರಿಗೆ ಆಂಪ್ಲಿಫೈಯರ್ ಮಾಡ್ತಿದೀನಿ ತಾತ. ಇದರೊಳಗಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬೇಕು."

"ನಾನು ಬಡಗಿ. ನನಗೆ ಮರದ ಪೆಟ್ಟಿಗೆ ಸಾಕು," ಅಂದ ಅವನು.

"ಅಯ್ಯೋ ನಿಮ್ಮ! ಹಂಚ್ಕೊಂಡ್ ಹೋಗ್ರಪ್ಪ!"

ಬಿಚ್ಚುವುದಕ್ಕೆಂದು ಅವನ ಮನೆ ಮುಂದಿನ ವರ್ಕ್‌ಶಾಪಿಗೆ ಹೋದೆವು. ಟ್ರಾನ್ಸ್‌ಫಾರ್ಮರನ್ನು, ತಾಮ್ರದ ಸುರುಳಿ ತುಂಬಿದ ಆ ಕಬ್ಬಿಣದ ಗಟ್ಟಿಯನ್ನು, ಹೊರತೆಗೆದು ಎದೆಗವುಚಿಕೊಂಡೆ.

"ಇಷ್ಟಕ್ಕಾ ಅಷ್ಟು ಜಗಳ? ಏನ್ ಮಾಡುತ್ತೆ ಇದು?"

"ವಾಲ್ವಿನ ಜೋರು ಸ್ಪೀಕರಿಗೆ ಒಗ್ಗಲ್ಲ. ಇದು ನಡುವೆ ನಿಂತು ಇಬ್ಬರನ್ನೂ ಹೊಂದಿಸುತ್ತೆ."

"ಓಹೋ, ಮದುವೆ ಬ್ರೋಕರ್ರು ಅನ್ನಿ!"

ನಗಬಾರದೆಂದು ತುಟಿ ಕಚ್ಚಿಕೊಂಡೆ. ಅವನು ಅದನ್ನೂ ನೋಡಿಬಿಟ್ಟ.

ಆಂಪ್ಲಿಫೈಯರಿಗೆ ಮನೆ ಬೇಡವೇ? ಆ ರೇಡಿಯೋ ಪೆಟ್ಟಿಗೆಯಲ್ಲೇ ಕೂರಿಸೋಣ ಎಂದ. ಹಾಗೆ ನನ್ನ ಸಂಜೆಗಳು ಅಲ್ಲಿ ಕಳೆಯತೊಡಗಿದವು. ನಾನು ಬೆಸುಗೆ ಹಾಕುವಾಗ ಅವನು ಮರ ಉಜ್ಜುವುದನ್ನು ಮರೆಯುತ್ತಿದ್ದ. ತಲೆಯೆತ್ತಿದರೆ ಸಾಕು, ಗಡಿಬಿಡಿಯಲ್ಲಿ ಉಜ್ಜಿದ ಜಾಗವನ್ನೇ ಮತ್ತೆ ಉಜ್ಜುತ್ತಿದ್ದ.

"ಇನ್ನೂ ಮುಗೀಲಿಲ್ವೇನಮ್ಮ?" ಅವನ ತಾಯಿ ಚಹಾ ತಂದಾಗಲೆಲ್ಲ ಕೇಳುವರು.

"ಇನ್ನೂ ಸ್ವಲ್ಪ ಇದೆ ಆಂಟಿ," ಎನ್ನುತ್ತಿದ್ದೆ. ಸುಳ್ಳು. ಕೆಲಸ ಎಂದೋ ಮುಗಿಯಬೇಕಿತ್ತು. ಮುಗಿದರೆ ಇಲ್ಲಿಗೆ ಬರಲು ನನಗೆ ಯಾವ ನೆಪವಿತ್ತು ಹೇಳಿ?

ಕೊನೆಗೊಂದು ದಿನ ಸ್ವಿಚ್ ಹಾಕಿದೆ. ಗಾಜಿನ ಬಲ್ಬಿನಂಥ ವಾಲ್ವುಗಳು ಕೆಂಪಗಾದವು. ಮರುಗಳಿಗೆ ಸ್ಪೀಕರ್ ಕಿವಿ ಗಡಚಿಕ್ಕುವಂತೆ ಕಿರುಚತೊಡಗಿತು. ತಟ್ಟನೆ ಆರಿಸಿದೆ.

ಅವನ ಮುಖ ಬಿಳಿಚಿಕೊಂಡಿತ್ತು. "ನಿನ್ನೆ ಟ್ರಾನ್ಸ್‌ಫಾರ್ಮರಿನ ಎರಡು ವೈರ್ ಬಿಚ್ಚಿ, ನೀಟಾಗಿ ಸುತ್ತಿ ಮತ್ತೆ ಹಾಕಿದೆ. ಚೆಂದ ಕಾಣ್ಲಿ ಅಂತ..."

"ಚೆಂದವಂತೆ ಚೆಂದ! ಯಾರ್ರೀ ಮುಟ್ಟು ಅಂದಿದ್ದು ನಿಮಗೆ?"

"ಸುಟ್ಟೋಯ್ತಾ? ಇಂಥದ್ದೇ ಇನ್ನೊಂದು ಸಿಗೋವರೆಗೂ ಊರೆಲ್ಲ ಅಲೀತೀನಿ. ಪೆಟ್ಟಿಗೇನೂ ನೀವೇ ಇಟ್ಕೊಳ್ಳಿ." ಆಗಲೇ ಚಪ್ಪಲಿ ಮೆಟ್ಟುತ್ತಿದ್ದ. ನನ್ನ ಕೋಪ ಇಳಿದುಹೋಯಿತು.

ಪ್ಲಗ್ ಕಿತ್ತು, ಒಳಗೆ ಉಳಿದಿದ್ದ ಕರೆಂಟನ್ನು ಇಳಿಸಿ ನೋಡಿದೆ. ಎರಡು ತಂತಿಗೂ ಬಟ್ಟೆಯ ಹೊದಿಕೆ, ಎರಡೂ ಮಾಸಿದ ಕಂದು ಬಣ್ಣ. ಅದಲುಬದಲಾಗಿದ್ದವು, ಅಷ್ಟೇ. ಸ್ಪೀಕರಿಗೆ ಹೋದ ಸದ್ದನ್ನು ಚೂರು ಹಿಂದಕ್ಕೆ ಕಳಿಸಿ ವಾಲ್ವುಗಳನ್ನು ಹದ್ದುಬಸ್ತಿನಲ್ಲಿಡುತ್ತೇವೆ. ಆ ತಂತಿಗಳು ತಿರುವುಮುರುವಾದರೆ, ಸಮಾಧಾನ ಹೇಳಬೇಕಾದವರೇ ಚಿತಾವಣೆ ಕೊಟ್ಟಂತಾಗುತ್ತದೆ.

ತಂತಿ ಬದಲಿಸಿ ಮತ್ತೆ ಸ್ವಿಚ್ ಹಾಕಿದೆ. ಕಿರುಚಾಟವಿಲ್ಲ. ಗಿಟಾರ್ ಮೀಟಿದೆ. ದನಿ ಹದವಾಗಿ, ಬೆಚ್ಚಗೆ ಹೊರಬಂತು. ಅವನು ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ಕೇಳುತ್ತಲೇ ನಿಂತ. ನನಗೆ ಖುಷಿಯೂ ಆಯಿತು, ಅಳುವೂ ಬಂತು.

"ಹಾಗಾದ್ರೆ... ತಗೊಂಡ್ ಹೋಗ್ತೀರಾ?" ಮೆಲ್ಲಗೆ ಕೇಳಿದ.

"ಪೆಟ್ಟಿಗೆ ನಿಮ್ಮದಲ್ವಾ? ಸ್ಕ್ರೂ ಬಿಚ್ಚಿ ಒಳಗಿನದನ್ನ ತಗೊಂಡ್ ಹೋಗ್ತೀನಿ."

"ಬಿಚ್ಚೋಕಾಗಲ್ಲ. ಅಂಟು ಹಾಕ್ಬಿಟ್ಟಿದೀನಿ."

"ಏನು! ಬೇಕಂತಲೇ?"

"ಬೇಕಂತಲೇ." ಈಗ ನೇರವಾಗಿ ನನ್ನನ್ನೇ ನೋಡುತ್ತಿದ್ದ.

"ಅಲ್ರೀ, ನಾಳೆ ರಿಪೇರಿಗೆ ಬಂದ್ರೆ?"

"ಪೆಟ್ಟಿಗೆಯ ಹಿಂದಿನ ಬಾಗಿಲು ತೆರೆಯುತ್ತೆ. ಆದ್ರೆ ನೀವೇ ಇಲ್ಲಿರಬೇಕಾಗುತ್ತೆ. ಯಾವಾಗ್ಲೂ." ಕಿವಿಯ ತನಕ ಕೆಂಪಾದ. "ನಿಮ್ಮನ್ನ ಬಿಟ್ಟಿರೋಕೆ ನನ್ನಿಂದ ಆಗಲ್ಲ."

"ನಂಗೂ ಆಗಲ್ಲ," ಅಂದುಬಿಟ್ಟೆ. "ನಿಮ್ಮ ಮದುವೆ ಬ್ರೋಕರ್ ಹಳಬನಾದ್ರೂ ಕೆಲಸಗಾರ."

ಅಷ್ಟರಲ್ಲಿ ಬಾಗಿಲಲ್ಲಿ ಚಹಾದ ಲೋಟಗಳ ಸದ್ದು. "ಅಂತೂ ಮುಗೀತೇನಮ್ಮ?"

ಅವನ ಕೈ ನನ್ನ ಕೈಯಲ್ಲಿತ್ತು. ಬಿಡಲಿಲ್ಲ.

"ಇಲ್ಲ ಅತ್ತೆ," ಅಂದೆ. "ಈಗ ಶುರು."